ಬರ್ತೀವಿ ಅಂದವರು

ಹೋದ ವಾರ ಪ್ರವಚನ ಮುಗಿದ ಮೇಲೆ ಹಿಂದಿನ ಸಾಲಿನ ಒಬ್ಬ ಮೇಷ್ಟ್ರು ನನ್ನನ್ನು ತಡೆದು ನಿಲ್ಲಿಸಿದರು. ದೊಡ್ಡ ದೇಶ ಮೈಮೇಲೆ ಏರಿ ಬಂದರೆ ಚಿಕ್ಕ ದೇಶ ಏನು ಮಾಡಬೇಕು ಸ್ವಾಮಿ, ಅದಕ್ಕೆ ಯಾರು ದಿಕ್ಕು ಎಂದು ಕೇಳಿದರು. ಪೇಪರ್ ಓದಿ ಬಂದಿದ್ದರು, ಪಾಪ. ಮಠದವನಿಗೆ ರಾಜಕೀಯ ಏನು ಗೊತ್ತು ಎಂದು ನಕ್ಕು ಜಾರಿಕೊಂಡೆ. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಇವತ್ತು ಉತ್ತರವನ್ನು ಕಥೆ ಮಾಡಿ ತಂದಿದ್ದೇನೆ. ಬರೀ ಉಪದೇಶ ಮಾಡಿದರೆ ನೀವು ಮೊಬೈಲ್ ತೆಗೆಯುತ್ತೀರಿ, ನನಗೆ ಗೊತ್ತು.

ಎರಡು ದೊಡ್ಡ ರಾಜ್ಯಗಳ ನಡುವೆ ಒಂದು ಪುಟ್ಟ ರಾಜ್ಯ ಇತ್ತು. ಎಷ್ಟು ಪುಟ್ಟದು ಅಂತೀರಿ? ಬೆಳಿಗ್ಗೆ ಒಂದು ಗಡಿಯಿಂದ ಹೊರಟವನು ಬುತ್ತಿ ಬಿಚ್ಚುವ ಮೊದಲೇ ಇನ್ನೊಂದು ಗಡಿ ದಾಟಿಬಿಡುತ್ತಿದ್ದ. ಆದರೆ ಅಲ್ಲೊಂದು ನದಿ ಹರಿಯುತ್ತಿತ್ತು, ಆ ನದಿಯನ್ನು ದೋಣಿಯಲ್ಲಿ ದಾಟಲು ಇದ್ದದ್ದು ಒಂದೇ ಒಂದು ಕಡವು. ಸಮುದ್ರದ ಕಡೆಯಿಂದ ಬರುವ ಉಪ್ಪೆಲ್ಲ ಸುಂಕ ಕೊಟ್ಟು ಅಲ್ಲಿಯೇ ದಾಟಬೇಕು. ರಾಜ್ಯದ ಏಳು ಹಳ್ಳಿಗಳೂ ಉಣ್ಣುತ್ತಿದ್ದದ್ದು ಆ ಕಡವಿನ ಅನ್ನವನ್ನು. ಮೂಡಣ ದೇಶದ ದೊರೆಯ ಕಣ್ಣು ಬಿದ್ದದ್ದೂ ಅದರ ಮೇಲೆಯೇ.

ಆ ಪುಟ್ಟ ರಾಜ್ಯಕ್ಕೆ ಒಬ್ಬ ರಾಯಭಾರಿ. ವಯಸ್ಸಾದವನು, ಮಾತಿನಲ್ಲಿ ಬಲು ನಯ. ಯಾರಿಗೂ ಇಲ್ಲ ಅನ್ನದವನು ಎಂದು ಹೆಸರು ಪಡೆದಿದ್ದ. ನೋಡಿ, ಯಾರಿಗೂ ಇಲ್ಲ ಅನ್ನದವರ ಹತ್ತಿರ ಸ್ವಲ್ಪ ಹುಷಾರಾಗಿರಬೇಕು. ಅವನಿಗಂತೂ ತನ್ನ ಮಾತಿನ ಮೇಲೆ ಒಳಗೊಳಗೇ ಹೆಮ್ಮೆ.

ಸಹಾಯ ಕೇಳಲು ರಾಜ ಅವನನ್ನು ಪಡುವಣ ದೇಶಕ್ಕೆ ಕಳಿಸಿದ. ದೊಡ್ಡ ಆಸ್ಥಾನ, ದೊಡ್ಡ ದೊರೆ. ರಾಯಭಾರಿ ತಂದ ಕಾಣಿಕೆಗಳನ್ನೆಲ್ಲ ದೊರೆ ನೋಡಿದ, ಹೇಳಿದ್ದನ್ನೆಲ್ಲ ಕೇಳಿದ, ತಲೆಯಾಡಿಸಿದ. ಊಟದ ಹೊತ್ತಾಗಿತ್ತು. ಸಿಂಹಾಸನದಿಂದ ಎದ್ದು, ಶಲ್ಯ ಸರಿಮಾಡಿಕೊಂಡು, "ಸರಿ, ಬರ್ತೀವಿ" ಎಂದು ಒಳಗೆ ನಡೆದ.

ಕೇಳಿದಿರಾ? ಬರ್ತೀವಿ ಎಂದ. ನಮ್ಮ ಭಾಷೆಯಲ್ಲಿ ಎದ್ದು ಹೋಗುವವರು ಹೋಗ್ತೀವಿ ಅನ್ನುವುದಿಲ್ಲ, ಅದು ಅಶುಭ. ಬರ್ತೀವಿ ಅನ್ನುತ್ತೇವೆ. ಅಂದು ಹೋಗಿಬಿಡುತ್ತೇವೆ. ರಾಯಭಾರಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಮುಳುಗುತ್ತಿರುವವನ ಕಿವಿಗೆ ಬೇಕಾದದ್ದಷ್ಟೇ ಕೇಳಿಸುತ್ತದೆ. ಸೇನೆ ಬರುತ್ತದೆ, ಸ್ವತಃ ದೊರೆಯೇ ಮಾತು ಕೊಟ್ಟರು ಎಂದು ಅವನು ಕುಣಿಯುತ್ತಾ ಊರಿಗೆ ಬಂದ. ಊರಲ್ಲಿ ಸಿಹಿ ಹಂಚಿದರು. ಆ ಧೈರ್ಯದ ಮೇಲೆ ರಾಜ, ಕಡವು ಕೇಳಲು ಬಂದಿದ್ದ ಮೂಡಣದ ದೂತನನ್ನು ಹೀಗಳೆದು ಕಳಿಸಿದ. ಅಲ್ಲಿಂದ ಉತ್ತರ ಬರಲು ತಡವಾಗಲಿಲ್ಲ: ನಲವತ್ತು ದಿನಗಳಲ್ಲಿ ಕಡವು ಬಿಟ್ಟುಕೊಡಿ, ಇಲ್ಲವೇ ನಾವೇ ಬಂದು ತೆಗೆದುಕೊಳ್ಳುತ್ತೇವೆ.

ಪಡುವಣಕ್ಕೆ ಓಲೆ ಹೋಯಿತು. ಅವರ ಮಂತ್ರಿ ಎರಡೇ ಸಾಲಿನಲ್ಲಿ ಮಾರೋಲೆ ಬರೆದಿದ್ದ. ದೊರೆಗಳು ಅಂದು ಊಟಕ್ಕೆ ಎದ್ದಿದ್ದರು, ಎದ್ದು ಹೋಗುವಾಗ ಎಲ್ಲರೂ ಆಡುವ ಮಾತನ್ನೇ ಆಡಿದ್ದಾರೆ, ಸೇನೆಯ ವಿಷಯ ಯಾರೂ ಎತ್ತಿಲ್ಲ. ರಾಜ ಅದನ್ನು ಓದಿ ರಾಯಭಾರಿಯ ಕೈಗೆ ಕೊಟ್ಟ, ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಆ ಮುದುಕನಿಗೆ. ಏಳು ಹಳ್ಳಿಗಳ ಅನ್ನ ತನ್ನ ಒಂದು ಮಾತಿನಿಂದ ಹೋಗುತ್ತಿದೆ ಎಂದು ಅವನಿಗೆ ಅಳು ಬಂತು.

ಉಳಿದಿದ್ದದ್ದು ಅಕ್ಕಪಕ್ಕದ ಮೂರು ಪುಟ್ಟ ರಾಜ್ಯಗಳು. ಅವರನ್ನೆಲ್ಲ ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ? ಇವನೂ ಅಲ್ಲಿಯವರೆಗೆ ತೆಗೆದುಕೊಂಡಿರಲಿಲ್ಲ. ಬೇರೆ ದಾರಿ ಕಾಣದೆ ಬೆಟ್ಟದ ರಾಣಿಯ ಹತ್ತಿರ ಹೋದ. ವಿಧವೆ, ಒಂದು ಘಟ್ಟದ ದಾರಿ ಮತ್ತು ಒಂದು ಕೆರೆ ಇಟ್ಟುಕೊಂಡು ರಾಜ್ಯ ನಡೆಸುತ್ತಿದ್ದವಳು. ಆಕೆ ಕೂರಲು ಚಾಪೆ ಹಾಸಿದಳು, ನೀರು ಬೆಲ್ಲ ಕೊಟ್ಟಳು, ಅವನ ಕಥೆಯನ್ನು ಪೂರ್ತಿ ಕೇಳಿದಳು.

"ರಾಯರೇ, ಮೂರು ವರ್ಷದ ಕೆಳಗೆ ನಮ್ಮ ಕೆರೆ ಏರಿ ಒಡೆದಾಗ ನೀವು ಇಲ್ಲೇ ಕೂತಿದ್ರಿ" ಎಂದಳು. "ಒಂದಿಷ್ಟು ಜನ ಕಳಿಸಿ ಅಂತ ಕೇಳ್ದೆ. ಏಳುವಾಗ ಏನಂದ್ರಿ, ನೆನಪಿದೆಯಾ?"

ಅವನಿಗೆ ನೆನಪಿರಲಿಲ್ಲ.

"ಆಯ್ತಮ್ಮ, ಬರ್ತೀವಿ ಅಂದ್ರಿ. ಬರ್ತೀರಿ ಅಂತ ನಾನು ಮುನ್ನೂರು ಜನಕ್ಕೆ ಅಡಿಗೆ ಮಾಡಿಸ್ದೆ. ಮೂರು ದಿನ ಮಾಡಿಸ್ದೆ. ನಾಲ್ಕನೇ ದಿನ ಒಲೆ ಆರಿಸಿ ಅಂತ ಹೇಳ್ದೆ."

ಜೋರು ಮಾಡಲಿಲ್ಲ ಆಕೆ. ಇವತ್ತು ಅನ್ನ ಸ್ವಲ್ಪ ಮೆತ್ತಗಾಯಿತು ಎಂದು ಹೇಳುವ ದನಿಯಲ್ಲೇ ಹೇಳಿದಳು. ಮುದುಕ ಸಹಾಯ ಕೇಳಲಿಲ್ಲ. ಎದ್ದು ಕೈ ಮುಗಿದ. ಬರ್ತೀನಿ ಎಂಬ ಮಾತು ಅಭ್ಯಾಸಬಲದಿಂದ ಬಾಯಿಗೆ ಬಂದದ್ದನ್ನು ಹಾಗೇ ನುಂಗಿಕೊಂಡು ಹೊರಟ.

ಮರುದಿನ ತುಂಬಿದ ಸಭೆಯಲ್ಲಿ ಎಲ್ಲವನ್ನೂ ಹೇಳಿದ. ನಲವತ್ತು ವರ್ಷದ ಹೆಸರು ಒಂದು ಗಳಿಗೆಯಲ್ಲಿ ಹೋಗುತ್ತದೆ ಎಂದು ಗೊತ್ತಿದ್ದೂ ಹೇಳಿದ.

"ನಾನು ಮೋಸಹೋದೆ ಅಂತ ನೀವೆಲ್ಲ ಅಂದ್ಕೊಂಡಿದ್ದೀರಿ. ಅದಕ್ಕಿಂತ ಮುಂಚೆ ನಾನೇ ಮೋಸ ಮಾಡಿದ್ದೆ, ಪ್ರಭು. ಈಗ ಯಾರನ್ನೂ ಕೇಳೋದು ಬೇಡ. ಮೊದಲು ಆ ಏರಿ ಕಟ್ಟಿಕೊಡೋಣ."

ರಾಜನಿಗೆ ಸಿಟ್ಟು ಬಂತು. ಬಾರದೇ ಇರುತ್ತದೆಯೇ? ಶತ್ರು ಬಾಗಿಲಲ್ಲಿ ನಿಂತಿರುವಾಗ ಇರುವ ಗಂಡಾಳುಗಳನ್ನು ಬೇರೆಯವರ ಊರಿಗೆ ಮಣ್ಣು ಹೊರಲು ಕಳಿಸುವ ರಾಜ ಯಾರಿದ್ದಾನೆ? ಎರಡು ದಿನ ವಾದ ನಡೆಯಿತು. ಕಡೆಗೆ ರಾಜ ಒಪ್ಪಿದ. ಮನಸ್ಸಿನಿಂದ ಒಪ್ಪಿದನೋ, ಬೇರೆ ದಾರಿಯಿಲ್ಲದೆ ಒಪ್ಪಿದನೋ, ನಾನು ಹೇಳಲಾರೆ. ಗುದ್ದಲಿ ಬುಟ್ಟಿ ಹಿಡಿದು ಮುನ್ನೂರು ಜನ ಬೆಟ್ಟ ಹತ್ತಿದರು. ಮುದುಕನೂ ಬುಟ್ಟಿ ಹೊತ್ತ. ಹತ್ತೊಂಬತ್ತನೆಯ ದಿನ ಏರಿ ಮುಗಿಯಿತು. ರಾಣಿ ದಿನಾ ಮಜ್ಜಿಗೆ ಕಳಿಸಿದಳು, ಮಾತು ಮಾತ್ರ ಏನೂ ಕೊಡಲಿಲ್ಲ. ಇವರೂ ಕೇಳಲಿಲ್ಲ. ಅಕ್ಕಪಕ್ಕದ ಇನ್ನೆರಡು ರಾಜ್ಯದವರು ಬಂದು ಏರಿ ನೋಡಿಕೊಂಡು ಹೋದರು.

ನಲವತ್ತನೆಯ ದಿನ ಮೂಡಣದ ಸೇನೆ ನದಿಯ ದಡಕ್ಕೆ ಬಂತು. ಸೇನೆ ಬಂತು, ಆದರೆ ಅದರ ಹಿಂದೆ ಬರಬೇಕಾದ ಅಕ್ಕಿ ಗಾಡಿಗಳು ಬರಲಿಲ್ಲ. ಸೇನೆ ದಾಟಿದ ಮೇಲೆ ಬೆಟ್ಟದ ರಾಣಿ ಘಟ್ಟದ ದಾರಿಗೆ ಮರ ಕೆಡವಿಸಿದ್ದಳು. ಸುತ್ತು ದಾರಿ ಹಿಡಿಯೋಣವೆಂದರೆ ಉಳಿದ ಎರಡು ರಾಜ್ಯಗಳೂ ಗಡಿ ಮುಚ್ಚಿದ್ದವು. ನದಿ ದಾಟೋಣವೆಂದರೆ ದೋಣಿಗಳೆಲ್ಲ ಈಚೆ ದಡದಲ್ಲಿದ್ದವು. ಯಾರೂ ಬಾಣ ಬಿಡಲಿಲ್ಲ, ಯಾರೂ ಸಾಯಲಿಲ್ಲ. ಎಂಟು ದಿನ ಹಸಿದ ಮೇಲೆ ಸೇನಾಪತಿ ಮಾತುಕತೆಗೆ ಕೂತ. ಎಲ್ಲರ ಉಪ್ಪಿನ ಹಾಗೆ ಮೂಡಣದ ಉಪ್ಪೂ ದಾಟಲಿ, ಕಡವು ಮಾತ್ರ ಇವರದೇ ಇರಲಿ ಎಂದು ತೀರ್ಮಾನವಾಯಿತು.

ಆಮೇಲೆ ಏನಾಯಿತು ಗೊತ್ತೇ? ಪಡುವಣದಿಂದ ತಾನಾಗಿಯೇ ಒಬ್ಬ ದೂತ ಬಂದ. ಕರೆಯದೆ ಬಂದ. ನಾಲ್ಕು ರಾಜ್ಯ ಒಂದಾದದ್ದು ದೊರೆಗಳಿಗೆ ಸಂತೋಷ, ಇನ್ನು ಮುಂದೆ ಕಷ್ಟಕ್ಕೆ ನಾವೂ ಬರ್ತೀವಿ ಎಂದ. ನಮ್ಮ ಮುದುಕ ಅವನನ್ನು ಆದರದಿಂದ ಕೂರಿಸಿ, ಓಲೆ ಮತ್ತು ಬರೆಯುವ ಕಂಟವನ್ನು ಮುಂದಿಟ್ಟ.

"ಬಹಳ ಸಂತೋಷ ಸ್ವಾಮಿ. ಎಷ್ಟು ಜನ, ಎಷ್ಟು ದಿನದಲ್ಲಿ, ಯಾವ ದಾರಿಯಲ್ಲಿ? ಬರೆದುಕೊಡಿ."

ಮೇಷ್ಟ್ರೇ, ನಿಮಗೆ ಉತ್ತರ ಸಿಕ್ಕಿತೆಂದು ತಿಳಿಯುತ್ತೇನೆ. ದೊಡ್ಡವರು ನಮ್ಮ ಕಾಣಿಕೆ ನೋಡಿ ಬರುವುದಿಲ್ಲ. ನಮ್ಮ ಪಕ್ಕದಲ್ಲಿ ಯಾರು ನಿಂತಿದ್ದಾರೆ ಎಂದು ನೋಡಿ ಬರುತ್ತಾರೆ.

ಉಳಿದವರೂ ಸುಮ್ಮನೆ ಎದ್ದು ಹೋಗಬೇಡಿ, ನಿಮಗೂ ಇದೆ. ನಮ್ಮ ಒಂದೊಂದು ಮನೆಯೂ ಒಂದು ಪುಟ್ಟ ರಾಜ್ಯ ಅಲ್ಲವೇ? ಸಾಹೇಬರಿಗೆ, ಮುಖಂಡರಿಗೆ ಹಾರ ಹಿಡಿದು ಓಡುತ್ತೇವೆ. ಪಕ್ಕದ ಬೀದಿಯಲ್ಲಿ ಒಬ್ಬರು ಆಸ್ಪತ್ರೆಯಿಂದ ಮನೆಗೆ ಬಂದು ಮಲಗಿದ್ದಾರೆ ಅಂದರೆ ಫೋನಿನಲ್ಲಿ ಏನನ್ನುತ್ತೇವೆ? ಬರ್ತೀವಿ ಅನ್ನುತ್ತೇವೆ. ನಾವು ಮರೆಯುತ್ತೇವೆ, ಅವರು ಮರೆಯುವುದಿಲ್ಲ. ಮಲಗಿದವರಿಗೆ ಬಾಗಿಲು ನೋಡುವುದು ಬಿಟ್ಟರೆ ಬೇರೇನು ಕೆಲಸ ಇರುತ್ತದೆ, ಹೇಳಿ?

ಬರಲು ಆಗದಿದ್ದರೆ ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಿ. ಅವರು ಬೇರೆ ಯಾರನ್ನಾದರೂ ಕರೆದುಕೊಳ್ಳುತ್ತಾರೆ. ಹೋಗುವುದಾದರೆ ದಿನ ಹೇಳಿ, ಹೊತ್ತು ಹೇಳಿ, ಆ ಹೊತ್ತಿಗೆ ಹೋಗಿ. ಈಗ ಒಂದು ನಿಮಿಷ ಕಣ್ಣು ಮುಚ್ಚಿಕೊಳ್ಳಿ. ನೀವು ಬರ್ತೀವಿ ಅಂದು ಹೋಗದೇ ಉಳಿದ ಒಂದು ಮನೆ ಎಲ್ಲರಿಗೂ ನೆನಪಾಗುತ್ತದೆ. ನನಗೂ ಒಂದು ಮನೆ ನೆನಪಾಗುತ್ತಿದೆ. ಇವತ್ತು ಪ್ರಸಾದ ತೆಗೆದುಕೊಂಡು ನೆಟ್ಟಗೆ ನಿಮ್ಮ ಮನೆಗೆ ಹೋಗಬೇಡಿ, ಆ ಮನೆಗೆ ಹೋಗಿ. ಬಾಗಿಲು ತಟ್ಟಿ. ಒಳಗಿನಿಂದ ಯಾರು ಎಂದು ಕೇಳಿದರೆ, ಬಂದಿದ್ದೀವಿ ಅನ್ನಿ.