ಎರಡೂವರೆ ಕಿಲೋ ಉಸುಕು

ನಾನು ಜನ್ನತಬಿ ಗಂಡ ಶೇಖಸಾಬ, ವಯಸ್ಸು 48 ವರ್ಷ, ಉದ್ಯೋಗ: ದವಾಖಾನೆಯ ಎಕ್ಸ್‌ರೇ ವಿಭಾಗದಲ್ಲಿ ಆಯಾ, ಮೂಲ ಊರು ಸವಣೂರು, ಸದ್ಯ ವಾಸ ಹುಬ್ಬಳ್ಳಿ. ಚಿಕ್ಕೇರೂರಿನ ಗುತ್ತೆಪ್ಪನವರು ನಿನ್ನೆ ನನ್ನ ಮೇಲೆ ಕೊಟ್ಟಿರುವ ದೂರಿಗೆ ಉತ್ತರವಾಗಿ ಈ ಮೂಲಕ ತಿಳಿಸುವುದೇನೆಂದರೆ:

ನಮ್ಮ ವಿಭಾಗದ ಡಾಕ್ಟರ್ ಮಾಸೂಮಾ ಅವರು ಮುಂಬಯಿಯಲ್ಲಿ ಕಲಿತು ಬಂದವರು. ಅವರು ಹೊಟ್ಟೆಯನ್ನಾಗಲಿ ಎದೆಯನ್ನಾಗಲಿ ಕೊಯ್ಯುವುದಿಲ್ಲ. ತೊಡೆಯ ಸಂದಿನ ರಕ್ತನಾಳಕ್ಕೆ ಸೂಜಿ ಚುಚ್ಚಿ, ಶಾವಿಗೆಯಷ್ಟು ಸಪೂರ ನಳಿಗೆ ತೂರಿಸಿ, ಎಕ್ಸ್‌ರೇ ಪರದೆ ನೋಡುತ್ತ ಬೇಕಾದಲ್ಲಿಗೆ ಒಯ್ಯುತ್ತಾರೆ. ಅದಕ್ಕೆ ಕ್ಯಾಥೆಟರ್ ಎನ್ನುತ್ತಾರೆ. ಕಾಮಣಿಯಾಗಿ ಮೈ ಹಳದಿಯಾದವರಿಗೆ ಪಕ್ಕೆಯಿಂದ ನಳಿಗೆ ಹಾಕಿ ಪಿತ್ತ ಇಳಿಸುತ್ತಾರೆ, ಮೂತ್ರ ಕಟ್ಟಿದವರಿಗೆ ಬೆನ್ನಿನಿಂದ ಹಾಕುತ್ತಾರೆ. ತೊಡೆಯಿಂದ ನಳಿಗೆ ತೆಗೆದ ಮೇಲೆ ಆ ತೂತನ್ನು ಇಪ್ಪತ್ತು ನಿಮಿಷ ಕೈಯಿಂದ ಒತ್ತಿ ಹಿಡಿಯಬೇಕು. ನಡುವೆ ಕೈ ಎತ್ತಿ ಇಣುಕಬಾರದು. ಆಮೇಲೆ ಬಿಗಿ ಪಟ್ಟಿ, ಅದರ ಮೇಲೆ ಎರಡೂವರೆ ಕಿಲೋ ಉಸುಕಿನ ಚೀಲ. ರೋಗಿ ಮರುದಿನದವರೆಗೆ ಕಾಲು ಮಡಚದೆ ಮಲಗಿರಬೇಕು. ಆ ಚೀಲ ಹೊಲಿದವಳು ನಾನು. ಉಸುಕು ವರದಾ ಹೊಳೆಯದು, ಮೂರು ಸಲ ಸೋಸಿದ್ದು. ಇಷ್ಟು ತಿಳಿಯಲು ಶಾಲೆ ಕಲಿತಿರಬೇಕಿಲ್ಲ. ಎರಡು ಅವಧಿ ಸೊಸೈಟಿಯ ಚೇರ್ಮನ್ ಆಗಿದ್ದ ಗುತ್ತೆಪ್ಪನವರಿಗೆ ಮಾತ್ರ ತಿಳಿಯಲಿಲ್ಲ.

ಗುತ್ತೆಪ್ಪನವರ ಅಣ್ಣನ ಮಗ ಹೂವಪ್ಪ, ವಯಸ್ಸು 26, ಅಕ್ಕಿಆಲೂರಿನ ಅಕ್ಕಿ ಮಿಲ್ಲಿನಲ್ಲಿ ಫಿಟರ್. ಟಿ.ಬಿ. ವಾಸಿಯಾಗಿದ್ದರೂ ಕೆಮ್ಮಿದಾಗ ರಕ್ತ ಬರುತ್ತಿತ್ತು. ನಿನ್ನೆ ದಿನಾಂಕ 13-2-1986ರಂದು ಬೆಳಿಗ್ಗೆ 8-30ಕ್ಕೆ ಡಾಕ್ಟರರು ತೊಡೆಯಿಂದ ಎದೆಯವರೆಗೆ ನಳಿಗೆ ಒಯ್ದು, ಸೋರುವ ನಾಳದೊಳಗೆ ಸ್ಪಂಜಿನ ಚೂರು ಬಿಟ್ಟು ಮುಚ್ಚಿದರು. 9-50ಕ್ಕೆ ನಳಿಗೆ ತೆಗೆದರು. ಒತ್ತಿದವಳು ನಾನು. ಒತ್ತುವಾಗ ಹೂವಪ್ಪನು, ಇವತ್ತು ಮೂರು ಗಂಟೆಗೆ ಶಿಗ್ಗಾಂವದ ಕಾಳಿನ ವ್ಯಾಪಾರಿ ಕರಬಸಪ್ಪನವರ ಮನೆಯಲ್ಲಿ ತನ್ನ ನಿಶ್ಚಯವಿದೆ, ಹೆಣ್ಣಿನವರಿಗೆ ರೋಗದ ಸುದ್ದಿ ಹೇಳಿಲ್ಲ, ಕಾಕಾ ಒಂದು ದಿನವೂ ಮುಂದೆ ಹಾಕಲು ಒಪ್ಪುತ್ತಿಲ್ಲ ಎಂದು ಹೇಳಿದನು. ಕಾಕಾನಿಗೆ ನೀನೇ ಹೇಳು ಎಂದೆ. ಹೇಳಲಿಲ್ಲ. ಹೇಡಿ. (ಬರೆದುಕೊಳ್ಳುತ್ತಿರುವ ಹವಾಲ್ದಾರರು ಈ ಪದ ಬೇಡ ಎಂದರು. ಇರಲಿ ಎಂದಿದ್ದೇನೆ.)

11 ಗಂಟೆಗೆ ಗುತ್ತೆಪ್ಪನವರು ವಾರ್ಡಿಗೆ ಬಂದು, ಹೊಲಿಗೆ ಎಲ್ಲಿದೆ ತೋರಿಸಿ ಎಂದು ಕೇಳಿದರು. ಹೊಲಿಗೆ ಇಲ್ಲ ಎಂದು ಡಾಕ್ಟರರು ತಿಳಿಸಿ ಹೇಳಿದರು, ಕಾಲು ಮಡಚಿದರೆ ಜೀವಕ್ಕೆ ಅಪಾಯವೆಂದೂ ಹೇಳಿದರು. ಗುತ್ತೆಪ್ಪನವರು ಛತ್ರಿಯ ತುದಿಯಿಂದ ಚೀಲ ತಿವಿದು, "ರೋಗ ಎದ್ಯಾಗ, ತೂತು ತೊಡ್ಯಾಗ, ಮ್ಯಾಲೆ ಉಸುಕು. ಇದಕ್ಕ ಆಪರೇಶನ್ ಅಂತಾರ?" ಎಂದು ನಕ್ಕರು. ಡಾಕ್ಟರರು ಮುಂದಿನ ಮಂಚಕ್ಕೆ ಹೋದರು. ನಾನಾಗಿದ್ದರೆ ಉತ್ತರಿಸುತ್ತಿದ್ದೆ.

12-40ಕ್ಕೆ ನಾನು ಊಟ ಮಾಡಿ ಬಂದಾಗ ಮಂಚ ಖಾಲಿ ಇತ್ತು. ಚೀಲ ಮಂಚದ ಕೆಳಗೆ ಬಿದ್ದಿತ್ತು. ಕತ್ತರಿಸಿದ ಪಟ್ಟಿಯೂ ಅಲ್ಲೇ ಇತ್ತು. ಪಟ್ಟಿ ಇದ್ದರೆ ಧೋತರ ಉಬ್ಬಿ ಕಾಣುತ್ತದೆಂದು ಗುತ್ತೆಪ್ಪನವರೇ ಕತ್ತರಿ ಹಾಕಿ, ಅವನನ್ನು ಜೀಪಿನಲ್ಲಿ ಕೂರಿಸಿ ಒಯ್ದರೆಂದು ಪಕ್ಕದ ಮಂಚದವರು ಹೇಳಿದರು. ಡಾಕ್ಟರರಿಗೆ ತಿಳಿಸಿ, ಅವರ ಅಪ್ಪಣೆಯಂತೆ ಚೀಲ ತೆಗೆದುಕೊಂಡು 1-15ರ ಬಸ್ಸು ಹತ್ತಿದೆ. 2-55ಕ್ಕೆ ಶಿಗ್ಗಾಂವದಲ್ಲಿ ಇಳಿದೆ. ಬಸ್‌ಸ್ಟ್ಯಾಂಡಿನಿಂದ ಕರಬಸಪ್ಪನವರ ಮನೆ ಸುಮಾರು 400 ಹೆಜ್ಜೆ. ಬಾಗಿಲಲ್ಲಿದ್ದವರು ಊಟಕ್ಕೆ ಬಂದವಳೆಂದು ತಿಳಿದು, "ಹಿತ್ತಲಿಗೆ ಹೋಗಬೇ, ಆಮ್ಯಾಲೆ ಕೊಡ್ತೇವಿ" ಎಂದರು.

ಒಳಗೆ ಹೂವಪ್ಪನನ್ನು ಜಮಖಾನೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಿಸಿದ್ದರು. ಮುಖ ಸುಣ್ಣದಂತಿತ್ತು. ಹೊಸ ಧೋತರದ ಮೇಲೆ ಕೆಂಪು ಕಾಣಿಸಿತು, ಮೊದಲು ರೂಪಾಯಿಯಷ್ಟು, ನಾನು ಹೊಸ್ತಿಲು ದಾಟುವಷ್ಟರಲ್ಲಿ ರೊಟ್ಟಿಯಷ್ಟು. ಬೀಗರು ನೋಡಿದರು. ಗುತ್ತೆಪ್ಪನವರು, "ಎಲಿಅಡಕಿ ರಸಾ ಬಿದ್ದೈತ್ರಿ, ಏನಿಲ್ಲ" ಎಂದು ಹೇಳಿ ತಮ್ಮ ಟವೆಲ್ ಅದರ ಮೇಲೆ ಹಾಕಿದರು. ತಾವು ಸಾಕಿದ ಹುಡುಗನ ರಕ್ತವನ್ನು ಎಲೆ ಅಡಿಕೆಯ ರಸ ಎಂದ ಮನುಷ್ಯ ಇವರೇ, ದೂರು ಕೊಟ್ಟವರೂ ಇವರೇ.

ನಾನು ಹೂವಪ್ಪನ ಭುಜ ಹಿಡಿದು ಅಂಗಾತ ಕೆಡವಿ, ಟವೆಲ್ ಎಸೆದು, ಧೋತರ ಸರಿಸಿ, ತೂತಿನ ಮೇಲ್ಭಾಗ ಒತ್ತಿ ಹಿಡಿದೆ. ಆಗ 3-12. ದೂರಿನಲ್ಲಿ "ಸಭೆಯಲ್ಲಿ ವರನ ಮರ್ಮಸ್ಥಾನಕ್ಕೆ ಕೈ ಹಾಕಿದಳು" ಎಂದಿರುವುದು ಇದಕ್ಕೇ. ಹಾಕಿದ್ದು ನಿಜ. ಗುತ್ತೆಪ್ಪನವರು, "ಕೈ ತಗೀ, ಯಾರ್ ಪೈಕಿ ನೀನು, ಮಾನ ಕಳೀತಿ" ಎಂದು ಕೂಗಿದರು. ಅಲ್ಲಿ ಇಪ್ಪತ್ತೆರಡು ಗಂಡಸರಿದ್ದರು. ಒತ್ತುತ್ತ ಕೂತಾಗ ಬೇರೆ ಕೆಲಸವಿಲ್ಲದೆ ಎಣಿಸಿದೆ. ಗಡಿಯಾರ ನನ್ನ ಬೆನ್ನ ಹಿಂದಿತ್ತು, ಯಾರಾದರೂ ನೋಡಿ ಹೇಳಿರೆಂದು ಕೇಳಿದೆ. ಎಲ್ಲರೂ ಗೋಡೆ ನೋಡಿದರು, ಗೋಡೆಯ ಮೇಲಿದ್ದ ಗಡಿಯಾರ ಮಾತ್ರ ಯಾರಿಗೂ ಕಾಣಲಿಲ್ಲ. ನಿಶ್ಚಯದ ಹುಡುಗಿ ಉಡಚವ್ವ ಒಳಗಿನಿಂದ ಬಂದು ನನ್ನ ಪಕ್ಕ ಕೂತು, "ಐದಾತ್ರಿ", "ಹತ್ತಾತ್ರಿ" ಎಂದು 3-47ರವರೆಗೆ ಹೇಳಿದಳು. ನಡುವೆ ಹೂವಪ್ಪನಿಗೆ, "ನಿಮಗೇನಾಗೈತಿ, ನೀವ ಹೇಳ್ರಿ" ಎಂದಳು. ಅವನು ಟಿ.ಬಿ.ಯಿಂದ ಹಿಡಿದು ಎಲ್ಲವನ್ನೂ ಹೇಳಿದನು. "ಇದನ್ನ ಮೊದಲ ಹೇಳಿದ್ರ ನಾ ಏನ್ ನಿಮ್ಮನ್ನ ತಿಂತಿದ್ನೇನ್ರಿ?" ಎಂದಳು. ಅವನು ಅತ್ತನು.

ರಕ್ತ ನಿಂತಿತ್ತು. ಚೀಲ ಇಟ್ಟು ಕೈ ತೊಳೆಯಲು ಎದ್ದೆ. ಅಷ್ಟರಲ್ಲಿ ಗುತ್ತೆಪ್ಪನವರು ಇದೇ ಹಲ್ಲೆ ಮಾಡಿದ ಆಯುಧವೆಂದು ಚೀಲವನ್ನು ಅವನ ತೊಡೆಯ ಮೇಲಿನಿಂದ ಎತ್ತಿಕೊಂಡು ಠಾಣೆಗೆ ಹೊರಟರು. 3-58ಕ್ಕೆ ಮತ್ತೆ ರಕ್ತ ಚಿಮ್ಮಿತು. ಮತ್ತೆ ಒತ್ತಿದೆ. ಕರಬಸಪ್ಪನವರು ಕಾಳು ಸಾಗಿಸುವ ಮಟಾಡೋರ್ ಗಾಡಿ ತರಿಸಿ, ಖಾಲಿ ಗೋಣಿಚೀಲ ಹಾಸಿ ಅವನನ್ನು ಮಲಗಿಸಿದರು. ಹುಬ್ಬಳ್ಳಿ ದವಾಖಾನೆಯಲ್ಲಿ ಡಾಕ್ಟರರು ನನ್ನ ಕೈ ಬಿಡಿಸಿದಾಗ 5-35. ಈ ಸಲ ಒತ್ತಿದ್ದು 97 ನಿಮಿಷ. ದಾರಿಯ ಎಲ್ಲ ಗುಂಡಿಗಳೂ ನನಗೆ ಗೊತ್ತು.

ಹೂವಪ್ಪ ಬದುಕಿದ್ದಾನೆ, ಕಾಲಿನ ನಾಡಿ ಸರಿಯಿದೆ, ಕೆಮ್ಮಿದರೆ ರಕ್ತವಿಲ್ಲ. ಸಂಬಂಧ ಮುರಿಯಿತೋ ಉಳಿಯಿತೋ ನನಗೆ ಗೊತ್ತಿಲ್ಲ. ಉಡಚವ್ವ ಸಾಕ್ಷಿ ಹೇಳಲು ಹೊರಗೆ ಬೆಂಚಿನ ಮೇಲೆ ಕೂತಿದ್ದಾಳೆ, ಅವಳನ್ನೇ ಕೇಳಿರಿ. ಇಪ್ಪತ್ತೆರಡು ಗಂಡಸರಲ್ಲಿ ಒಬ್ಬರೂ ಬಂದಿಲ್ಲ.

ನಮ್ಮ ವಿಭಾಗದಲ್ಲಿರುವುದು ಎರಡೇ ಚೀಲ. ಒಂದು ಹೂವಪ್ಪನ ತೊಡೆಯ ಮೇಲಿದೆ. ಇನ್ನೊಂದು ಇಲ್ಲಿ ಈ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟಿದ್ದೀರಿ. ನಾಳೆ 9 ಗಂಟೆಗೆ ಹಾನಗಲ್ಲಿನ ಭರಮವ್ವ ಎಂಬ ಹೆಣ್ಣುಮಗಳಿಗೆ ನಳಿಗೆ ಹಾಕುವುದಿದೆ. ಕಾಗದಕ್ಕೆ ಕಲ್ಲು ಸಾಕು. ಚೀಲ ಕೊಡಿಸಬೇಕು.

ಮೇಲೆ ಬರೆದದ್ದೆಲ್ಲ ನಾನು ಕಂಡದ್ದು ಮತ್ತು ಮಾಡಿದ್ದು. ಓದಿಸಿ ಕೇಳಿದ್ದೇನೆ, ನಾನು ಹೇಳಿದಂತೆಯೇ ಇದೆ. ನನಗೆ ಸಹಿ ಮಾಡಲು ಬರುತ್ತದೆ. ನಿನ್ನೆಯಿಂದ ಬಲಗೈ ಬೆರಳು ಪೆನ್ನು ಹಿಡಿಯುತ್ತಿಲ್ಲ, ಆದ್ದರಿಂದ ಎಡಗೈ ಹೆಬ್ಬೆಟ್ಟು ಒತ್ತಿದ್ದೇನೆ. ಗುತ್ತೆಪ್ಪನವರು ನೋಡಿ ನನ್ನನ್ನು ಅಕ್ಷರ ಬಾರದವಳು ಅಂದುಕೊಳ್ಳದಂತೆ ಇದನ್ನೂ ಬರೆದುಕೊಳ್ಳಿರಿ.

ಸ್ಥಳ: ಶಿಗ್ಗಾಂವ
ದಿನಾಂಕ: 14-2-1986, ಬೆಳಿಗ್ಗೆ 11-20
ಜನ್ನತಬಿ ಗಂಡ ಶೇಖಸಾಬ ಇವರ ಎಡಗೈ ಹೆಬ್ಬೆಟ್ಟಿನ ಗುರುತು