ಸೋಮವಾರದ ಮೇಲ್

ವಿಶ್ವವಿದ್ಯಾಲಯದ ಸಂವಹನ ವಿಭಾಗದ ಗುಮಾಸ್ತೆ ಬಸ್ಸಿನ ಸಾಲಿನಲ್ಲಿ ನಿಂತಿದ್ದಳು. ಮುಂದಿದ್ದ ಇಬ್ಬರು ವಿದ್ಯಾರ್ಥಿನಿಯರಿಗೆ ಅವಳ ಗುರುತಿರಲಿಲ್ಲ. ಆದರೆ ಸೋಮವಾರ ಸೋಮವಾರ ಅವಳು ವಿದ್ಯಾರ್ಥಿಗಳಿಗೆ ಕಳಿಸುವ, ಕೆಲಸಗಳ ಸುದ್ದಿಯ ಇ-ಮೇಲ್‌ನ ಮಾತು ಬಂತು.

“ವಿಭಾಗದ ಮೇಲ್ ಓದ್ತೀಯೇನೇ?”

“ಹೂಂ. ರೇಡಿಯೋದಲ್ಲಿ ಕೆಲಸ ಸಿಕ್ಕಿದ್ದೇ ಅದರಿಂದ.”

“ಕೊನೇಲಿ ‘ನಿಮ್ಮ ಸುದ್ದಿ ತಿಳಿಸಿ’ ಅಂತಿರುತ್ತಲ್ಲ, ತಿಳಿಸಿದ್ಯಾ?”

“ಕೆಲಸ ಸಿಕ್ತು ಅಂತ ಒಂದ್ಸಲ ಬರೆದೆ. ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಉತ್ತರ ಬಂತು. ‘ತುಂಬಾ ಖುಷಿಯಾಯ್ತಮ್ಮಾ, ಅಲ್ಲಿ ಜೊತೆಗೆ ಯಾರಿದ್ದಾರೆ, ಹೊತ್ತೊತ್ತಿಗೆ ಊಟ ಮಾಡ್ತೀಯಾ’ ಅಂತ.”

“ಯಾರೇ ಅದು?”

“ಯಾರೂ ಅಲ್ಲ ಕಣೇ, ಕಂಪ್ಯೂಟರು. ಮನುಷ್ಯರಿಗೆ ಅಷ್ಟು ಪುರುಸೊತ್ತೆಲ್ಲಿ?”

“ಅದಕ್ಕೆ ನೀನೇನು ಬರೆದೆ ಮತ್ತೆ?”

“ಕಂಪ್ಯೂಟರಿಗೆ ಏನಂತ ಬರೀಲಿ?”

ಬಸ್ಸು ಬಂತು, ಇಬ್ಬರೂ ಹತ್ತಿದರು. ಗುಮಾಸ್ತೆಯ ಮನೆಗೂ ಅದೇ ಬಸ್ಸು. ಕಂಡಕ್ಟರ್ ಕರೆದಾಗ, ಮುಂದಿನದಕ್ಕೆ ಬರುತ್ತೇನೆಂದು ಅವಳು ಕೈಸನ್ನೆ ಮಾಡಿದಳು.