ದೀಪ ಆರಿದ ತೊಟ್ಟಿ

ಇದು ನಮ್ಮ ಪಕ್ಕದ ಮನೆಯ ಫಾರ್ಕರ್‌ಗೆ ಆದದ್ದು. ಸುಳ್ಳು ಅನ್ನುವವರು ಈಗಲೇ ಎದ್ದು ಮಲಗಲು ಹೋಗಬಹುದು.

ನವೆಂಬರ್ ತಿಂಗಳು. ಫಾರ್ಕರ್ ಪಬ್ಬಿನಿಂದ ಮನೆಗೆ ಬರುತ್ತಿದ್ದ. ಕುಡಿದಿರಲಿಲ್ಲ. ಮುಂದಿಟ್ಟ ಗ್ಲಾಸು ಹಾಗೇ ಬಿಟ್ಟು ಎದ್ದು ಬಂದಿದ್ದ. ಹೆಂಡತಿ ಐಲಿ ಸತ್ತ ಮೇಲೆ ಅವನು ಹಾಗೇ. ಕೂತರೂ ದಣಿವು, ಎದ್ದರೂ ದಣಿವು.

ಗುಡ್ಡದ ದಾರಿಯಲ್ಲಿ ಹಳೇ ಬಾವಿ ಇದೆ. ಮೇಲೆ ಚಪ್ಪಡಿ ಎಳೆದಿದ್ದಾರೆ. ಅಲ್ಲಿಗೆ ಬಂದಾಗ ಸದ್ದು ಕೇಳಿತು.

ಕೆರ್... ಕೆರ್... ಆಮೇಲೆ, ದೊಪ್.

ನಿಂತ. ಬಾವಿಯದಲ್ಲ. ಕೆಳಗೆ, ವಿಸ್ಕಿ ಭಟ್ಟಿಯ ಹಿಂದಿನ ಶೆಡ್ಡಿನಿಂದ ಬರುತ್ತಿತ್ತು. ಮರದ ಹುಟ್ಟು ಉಕ್ಕಿನ ತಳ ಕೆರೆಯುವ ಸದ್ದು. ಹುಟ್ಟನ್ನು ಗೋಡೆಗೆ ಬಡಿದು ನೊರೆ ಕೊಡವುವ ಸದ್ದು. ಗಂಡ ಹೆಂಡತಿ ಇಬ್ಬರೂ ಅಲ್ಲೇ ಕೆಲಸಕ್ಕಿದ್ದವರು. ಐಲಿ ಅಲ್ಲಿಯ ತೊಟ್ಟಿ ಕಲಕುವಾಗ ಹೀಗೇ ಕೇಳುತ್ತಿತ್ತು.

ಆದರೆ ಅವತ್ತು ಕಲಕಲು ಏನೂ ಇರಲಿಲ್ಲ. ಸಂಜೆಯೇ ತೊಟ್ಟಿ ಬರಿದು ಮಾಡಿದ್ದರು.

ವಿಷಯ ಹೀಗೆ. ವಿಸ್ಕಿ ಇಳಿಸಿದ ಮೇಲೆ ಹಂಡೆಯಲ್ಲಿ ಕಂದು ಬಣ್ಣದ ಹುಳಿನೀರು ಉಳಿಯುತ್ತದೆ. ಹಿಂದೆ ಹೊಳೆಗೆ ಬಿಡುತ್ತಿದ್ದರು, ಮೀನು ಸಾಯುತ್ತಿದ್ದವು. ಈ ಶೆಡ್ಡಿನಲ್ಲಿ ಅದಕ್ಕೆ ಹೆಪ್ಪು ಹಾಕಿ ಹುದುಗಿಸುತ್ತಾರೆ. ನೊರೆ ಎದ್ದು, ಗಸಿ ಗಟ್ಟಿಯಾಗುತ್ತದೆ. ಒಣಗಿಸಿದರೆ ಅದೇ ಮೀನಿಗೆ ಮೇವು. ಹೆಪ್ಪು ಐಲಿಯದು. ಅವಳೇ ಮೊದಲು ಎಬ್ಬಿಸಿದ್ದು. ಮೊಸರಿಗೆ ತೆಗೆದಿಟ್ಟ ಹಾಗೆ ಪ್ರತಿ ಸಲ ಒಂದು ಬಕೀಟು ತೆಗೆದಿಟ್ಟು ಮುಂದಿನ ತೊಟ್ಟಿಗೆ ಹಾಕುತ್ತಿದ್ದಳು. ಅವಳು ಹೋದ ಮೇಲೆ ಫಾರ್ಕರ್ ಹಾಕುತ್ತಿದ್ದ.

ಈಚೆಗೆ ಹೆಪ್ಪು ಸೋತಿತ್ತು. ತೊಟ್ಟಿ ಮೇಲೆ ತೊಟ್ಟಿ ನಾತ ಹಿಡಿಯಿತು. ಭಟ್ಟಿಯ ಒಡತಿ ಮಿಸೆಸ್ ಗೆಡ್ಡಿಸ್ ಪಾಪ ಎಷ್ಟು ಕಾಯುತ್ತಾಳೆ? ತೆಗೆದಿಟ್ಟ ಬಕೀಟನ್ನೂ ಸೇರಿಸಿ ಚೆಲ್ಲಿಸಿದಳು. ಬೆಳಿಗ್ಗೆ ತೊಟ್ಟಿಗೆ ಹಬೆ ಬಿಡಿ, ಇನ್ನು ಮೇಲೆ ಪೊಟ್ಟಣದ ಈಸ್ಟು ಅಂದಳು. ಹಬೆ ಬಿಟ್ಟರೆ ತಳಕ್ಕಂಟಿದ ಗಸಿಯೂ ಸಾಯುತ್ತದೆ. ಮಕ್ಕಳಿರಲಿಲ್ಲ ಅವರಿಗೆ. ಐಲಿಯ ಕೈಯಿಂದ ಹುಟ್ಟಿ ಇನ್ನೂ ಜೀವ ಇದ್ದದ್ದು ಆ ಗಸಿ ಒಂದೇ.

ಫಾರ್ಕರ್ ಮನೆಯ ದಾರಿ ಬಿಟ್ಟು ಕೆಳಗಿಳಿದ. ಒಂದು ಲೋಟ ಬಳಿದುಕೊಂಡರೆ ಸಾಕು, ಅಡುಗೆಮನೆಯಲ್ಲಿಟ್ಟು ಬದುಕಿಸಬಹುದು.

ಭಟ್ಟಿಯ ಬಾಗಿಲಲ್ಲಿ ಮಂಗೊ ಸಿಗರೇಟು ಸೇದುತ್ತಿದ್ದ. ರಾತ್ರಿ ಪಾಳಿಯವನು, ಹಳೇ ಗೆಳೆಯ. ಶೆಡ್ಡಿನಲ್ಲಿ ಯಾರಿದ್ದಾರೆ ಅಂತ ಫಾರ್ಕರ್ ಕೇಳಿದ. ಯಾರೂ ಇಲ್ಲ, ಬೀಗ ಹಾಕಿದೆ ಅಂದ ಮಂಗೊ. ಯಾಕೆ ಬಂದೆ ಅಂತ ಕೇಳಲಿಲ್ಲ. ಮುಖ ನೋಡಿ ಬೀಗದ ಕೈ ಕೊಟ್ಟ.

"ಹೋಗು, ಬಳ್ಕೊ. ಊರೋರೆಲ್ಲ ಹೆಂಡ್ತಿ ಫೋಟೋ ಇಟ್ಕೋತಾರೆ. ನೀನೊಬ್ಬ ಗಸಿ ಇಟ್ಕೋ."

"ಫೋಟೋ ನೊರೆ ಬಿಡಲ್ಲ ಮಾರಾಯ."

"ದೀಪ ಬಿಡದೆ ಇಳೀಬೇಡ. ನಿನ್ನ ಎತ್ತಿ ಹಾಕೋ ಸೊಂಟ ನಂಗಿಲ್ಲ."

ದೀಪ ಬಿಡುವುದು ಅಲ್ಲಿಯ ರೂಢಿ. ಹುದುಗಿನ ಗಾಳಿ ಭಾರ. ತೊಟ್ಟಿ ಬರಿದಾದರೂ ತಳದಲ್ಲಿ ಕೂತಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಇಳಿದವನು ಉಸಿರುಕಟ್ಟಿ ಅಲ್ಲೇ ಬೀಳುತ್ತಾನೆ, ಮೇಲೆ ಬರುವುದಿಲ್ಲ. ಅದಕ್ಕೇ ಡಬ್ಬಿಯಲ್ಲಿ ಮೇಣದಬತ್ತಿ ಹಚ್ಚಿ, ಹಗ್ಗ ಕಟ್ಟಿ ಇಳಿಸುತ್ತಾರೆ. ಆರಿದರೆ ಯಾರೂ ಇಳಿಯುವುದಿಲ್ಲ.

ಶೆಡ್ಡಿನ ಬಾಗಿಲು ತೆಗೆದ. ಕೆರ್... ಕೆರ್... ತೊಟ್ಟಿಯ ಮುಚ್ಚಳ ತೆಗೆದ. ಸದ್ದು ನಿಲ್ಲಲಿಲ್ಲ. ದೀಪ ಇಳಿಸಿದ. ಅರ್ಧಕ್ಕೆ ಹೋಗುವಾಗ ಕುಡಿ ಸಣ್ಣದಾಯಿತು... ನೀಲಿಯಾಯಿತು... ಆರಿತು. ಮತ್ತೆ ಹಚ್ಚಿ ಇಳಿಸಿದ. ಮತ್ತೆ ಆರಿತು. ಉಸಿರಾಡುವ ಜೀವ ಅಲ್ಲಿರುವ ಹಾಗೇ ಇಲ್ಲ.

ಕೆರ್... ಕೆರ್... ದೊಪ್.

ಅವನಿಗೆ ಹೆದರಿಕೆ ಆಗಲಿಲ್ಲವಂತೆ. ಹೆದರಲೂ ಶಕ್ತಿ ಬೇಕಲ್ಲ. ಇಳಿದೇಬಿಡೋಣ ಅನಿಸಿತಂತೆ. ಏಣಿಗೆ ಒಂದು ಕಾಲಿಟ್ಟ.

"ದೀಪ ಆರ್ತಲ್ಲ. ಕಾಲು ತೆಗಿ."

ಪಿಸುಮಾತು. ತಳದಿಂದ. ಐಲಿಯ ದನಿ. ಕೆಲಸ ಮುಗಿಸಿ ಬಂದು ಬೂಟು ಬಿಚ್ಚುವಾಗ ಇರುತ್ತಿತ್ತಲ್ಲ, ಆ ದನಿ.

ಫಾರ್ಕರ್ ಕಾಲು ತೆಗೆಯಲಿಲ್ಲ. "ಏನ್ ಮಾಡ್ತಿದೀಯೇ ಅಲ್ಲಿ?"

"ಕಲಕ್ತಿದೀನಿ."

"ಯಾರು ಕಲಕು ಅಂದ್ರು?"

"ಹೆಪ್ಪು ನೀನೇ ಉಳಿಸ್ಕೊಂಡಿದೀಯಲ್ಲ. ಅದು ಇರೋವರೆಗೂ ನಾನು ಬರ್ಬೇಕು... ದಿನಾ ರಾತ್ರಿ. ರಟ್ಟೆ ಬಿದ್ದೋಗಿದೆ ಕಣೋ."

ಅವಳು ಹೋದ ಮೇಲೆ ರಾತ್ರಿ ಹೊತ್ತು ತೊಟ್ಟಿ ಕಲಕುವವರು ಯಾರೂ ಇರಲಿಲ್ಲ. ಆದರೂ ಬೆಳಿಗ್ಗೆ ನೋಡಿದರೆ ಯಾರೋ ಕಲಕಿದ ಹಾಗೆ ನೊರೆ ಇಳಿದಿರುತ್ತಿತ್ತು. ಮಂಗೊ ಕಲಕಿರಬೇಕು ಅಂದುಕೊಂಡಿದ್ದ ಇವನು. ಅವನನ್ನು ಕೇಳಿ ನೋಡಿರಲಿಲ್ಲ.

"ಇದೂ ಹೋದ್ರೆ..." ಅಂದ. "ನಿಂದು ಅಂತ ನನ್ ಹತ್ರ ಏನಿರತ್ತೆ?"

ಕೆರೆಯುವ ಸದ್ದು ನಿಂತಿತು.

"ಮಲಗ್ಬೇಕು ನಂಗೆ."

ಅಷ್ಟೇ. ಮತ್ತೆ ಕೆರ್... ಕೆರ್... ನಿಧಾನ, ಮೊದಲಿಗಿಂತ ನಿಧಾನ.

ಫಾರ್ಕರ್ ಏಣಿಯಿಂದ ಕಾಲು ತೆಗೆದ. ಮುಚ್ಚಳ ಮುಚ್ಚಲಿಲ್ಲ. ಗೋಡೆಯ ಹತ್ತಿರ ಹೋಗಿ ಹಬೆಯ ತಿರುಪಿಗೆ ಎರಡೂ ಕೈ ಹಾಕಿದ. ಬಿಗಿಯಾಗಿತ್ತು. ಕಿರ್ರ್ ಅಂತ ತಿರುಗಿತು. ಪೈಪು ಟಕ್ ಟಕ್ ಅಂದಿತು. ಆಮೇಲೆ ಸುಂಯ್... ಅಂತ ಹಬೆ ತೊಟ್ಟಿಗೆ ಇಳಿಯಿತು. ಬ್ರೆಡ್ಡು ಬೇಯುವ ವಾಸನೆ ಎದ್ದಿತು. ಕೆರೆಯುವ ಸದ್ದು ಇನ್ನೊಂದು ಸಲ ಬಂತು, ನಿಂತಿತು.

ಹಬೆ ಸಾಕಾಗುವಷ್ಟು ಬಿಟ್ಟು ತಿರುಪು ಮುಚ್ಚಿದ. ಬಾಗಿಲ ಹತ್ತಿರ ಬರಿ ಕಲ್ಲುನೆಲದ ಮೇಲೆ ಕೂತ. ಕೂತಲ್ಲೇ ಒರಗಿ ನಿದ್ದೆ ಹೋದ. ಐಲಿ ಹೋದ ಮೇಲೆ ಅವನು ಮೈಮರೆತು ಮಲಗಿದ್ದು ಅದೇ ಮೊದಲು.

ಬೆಳಗಾದಾಗ ಮಂಗೊ ಬಂದು ಬೂಟುಗಾಲಿನಿಂದ ತಿವಿದು ಎಬ್ಬಿಸಿದ. ಬಳ್ಕೊಂಡ್ಯಾ ಅಂದ. ಇಲ್ಲ ಅಂತ ಇವನು ತಲೆ ಆಡಿಸಿದ. ಮಂಗೊ ನೆಲ ನೋಡುತ್ತಿದ್ದ.

ಹಬೆಗೆ ತೊಳೆದು ಹೊಳೆಯುತ್ತಿದ್ದ ಏಣಿಯ ಮೇಲೆ ಬರಿಗಾಲಿನ ಗುರುತು. ಸಣ್ಣ ಪಾದ, ಕಂದು ಗಸಿ. ಹತ್ತಿದ್ದು ಮಾತ್ರ, ಇಳಿದದ್ದಿಲ್ಲ. ಅಲ್ಲಿಂದ ನೆಲದ ಮೇಲೆ ಬಂದು, ಫಾರ್ಕರ್ ಮಲಗಿದ್ದ ಕಡೆ ಎರಡೂ ಪಾದ ಜೋಡಿಸಿ ನಿಂತ ಗುರುತು. ಆಮೇಲೆ ಬಾಗಿಲವರೆಗೂ ಗುರುತು. ಹೊರಗೆ ನೆಲವೆಲ್ಲ ಹಿಮ ಕೂತು ಬೆಳ್ಳಗಿತ್ತು. ಮಂಗೊ ಬಂದ ಬೂಟಿನ ಗುರುತು ಬಿಟ್ಟರೆ ಏನೂ ಇಲ್ಲ.

ನಾನೂ ಆ ಶೆಡ್ಡಿನಲ್ಲೇ ಕೆಲಸಕ್ಕಿದ್ದೆ. ಮಂಗೊ ಆ ನೆಲ ಮುಟ್ಟಲು ಒಪ್ಪಲಿಲ್ಲ. ಮೊಣಕಾಲೂರಿ ಒರೆಸಿದವನು ನಾನೇ, ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೀನಿ, ಇದು ನಡೆದದ್ದು. ಕಲ್ಲೆಲ್ಲ ತಣ್ಣಗೆ ಕೊರೆಯುತ್ತಿತ್ತು. ಆ ಜೋಡಿ ಪಾದದ ಜಾಗ ಮಾತ್ರ ಬೆಚ್ಚಗಿತ್ತು.